ಹೊಂಬಾಳಮ್ಮನ ಎರೆ

ಹೊಂಬಾಳಮ್ಮ ನನ್ನ ಮನೆಗೆ ಬಂದು ಕೂತಾಗ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ನಾನೇ ಹೇಳಿದೆ. ವಿನಯಕ್ಕೆ ಹೇಳಿದ ಮಾತಲ್ಲ ಅದು. ಅಲ್ಲಿಯವರೆಗೆ ನಾನು ಹನ್ನೊಂದು ತಕರಾರುಗಳಿಗೆ ಎರೆ ಹೇಳಿದ್ದೆ. ಏಳರಲ್ಲಿ ಮೀನು ಎದುರಿನವರ ಗಾಳಕ್ಕೆ ಹೋಗಿತ್ತು. ಸೋತವರು ಈಗಲೂ ಸಂತೆಯಲ್ಲಿ ಸಿಕ್ಕಿದರೆ ನಾನು ತರಕಾರಿ ಬಿಟ್ಟು ಬೇರೆ ಸಾಲಿಗೆ ಹೋಗುತ್ತೇನೆ.

“ಬೇರೆ ಯಾರವ್ರೆ ಹೇಳು. ಸಂಪಂಗಪ್ಪ ಮೇಷ್ಟ್ರು ನನ್ನ ಓರಗಿತ್ತಿ ದೇವೀರಿ ಕಡೆಗೆ ಆಗೋದ್ರು. ಉಳ್ದಿರೋಳು ನೀನೊಬ್ಳೇ ಕಣವ್ವ ಚಿಕ್ಕತಾಯಿ” ಎಂದಳು ಹೊಂಬಾಳಮ್ಮ. ಆಮೇಲೆ, ನನಗೆ ಬೇಜಾರಾಯಿತೇನೋ ಎಂದು, “ನಿನ್ನ ತಾವು ಜನ ಕಮ್ಮಿ. ಕೂತು ಕೇಳ್ತೀಯ” ಎಂದು ಸೇರಿಸಿದಳು.

ನಮ್ಮೂರಿನಲ್ಲಿ ತಕರಾರು ತೀರುವುದು ಹೊಳೆಯ ಮೆಟ್ಟಿಲ ಮೇಲೆ. ಇಬ್ಬರೂ ಮಡುವಿಗೆ ಗಾಳ ಇಳಿಬಿಡುತ್ತಾರೆ. ಮೀಸೆಮೀನು ಯಾರ ಎರೆ ಕಚ್ಚಿ, ಯಾರ ಕೈಯಿಂದ ಕೊನೆಯ ಮೆಟ್ಟಿಲಿಗೆ ಬಂದು ತಾಗುತ್ತದೋ ಅವರ ಮಾತು ನಡೆಯುತ್ತದೆ. ಆಮೇಲೆ ಮೀನನ್ನು ನೀರಿಗೆ ಬಿಟ್ಟು ಎಲ್ಲರೂ ಮನೆಗೆ ಹೋಗುತ್ತಾರೆ. ಎರೆ ಮಾತ್ರ ಅವರವರ ಒಲೆಯಲ್ಲೇ ಬೆಂದಿರಬೇಕು, ತಟ್ಟೆಯಲ್ಲಿಟ್ಟು ಊರಿಗೆ ತೋರಿಸಿಯೇ ಗಾಳಕ್ಕೆ ಚುಚ್ಚಬೇಕು. ಹೀಗಾಗಿ ನಮ್ಮಲ್ಲಿ ಹೆಣ್ಣು ನೋಡಲು ಹೋದವರೂ ಕಾಫಿ ಕುಡಿದು ಲೋಟ ಕೆಳಗಿಡುತ್ತಾ, ನಿಮ್ಮ ಮನೆ ಎರೆ ಯಾವುದು ಎಂದು ವಿಚಾರಿಸುತ್ತಾರೆ. ಯಾವ ನೀರಿಗೆ ಯಾವ ಎರೆ ಎಂದು ಹೇಳಿಕೊಡುವುದು ನಮ್ಮಂಥವರ ಕೆಲಸ.

ನಾನು ಅದನ್ನು ಕಲಿತದ್ದು ಸಂಪಂಗಪ್ಪ ಮೇಷ್ಟ್ರ ಸಂಜೆ ತರಗತಿಯಲ್ಲಿ. ಹಗಲೆಲ್ಲ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳು ಬಿಚ್ಚಿಸಿ ಬಿಟ್ಟುಹೋದ ಸೀರೆಗಳನ್ನು ಮಡಿಸಿ, ಸಂಜೆ ಮಕ್ಕಳ ಬೆಂಚಿನಲ್ಲಿ ಮಂಡಿ ಒತ್ತಿಕೊಂಡು ಕೂತು ನಾಲ್ಕು ವರ್ಷ ಬರೆದುಕೊಂಡೆ. ನೀರಿನ ಬಣ್ಣದ ಪರೀಕ್ಷೆಯಲ್ಲಿ ಒಂದು ಸಲ ನಪಾಸಾದೆ. ಮೇಷ್ಟ್ರು ಒಳ್ಳೆಯವರು. “ಮೊದಲು ಸಿಹಿ. ಸಿಹಿ ಸೋತರೆ ಘಮ. ಘಮವೂ ಸೋತರೆ ಕಕ್ಷಿಗಾರರನ್ನ ಬದಲಾಯಿಸಿ” ಎಂದು ಅವರು ಪ್ರತಿ ವರ್ಷವೂ ಹೇಳುತ್ತಿದ್ದರು, ನಾವು ಪ್ರತಿ ವರ್ಷವೂ ನಗುತ್ತಿದ್ದೆವು. ಅವರು ಎರೆ ಹೇಳಿದ ಕಡೆ ಸೋತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಹೊಂಬಾಳಮ್ಮನ ತಕರಾರು ಒಂದು ಬಾಗಿಲಿನದು. ಅತ್ತೆ ತೀರಿದ ಮೇಲೆ ಮನೆ ಎರಡಾಗಿ, ಬೀದಿ ಕಡೆಯ ಹಜಾರ ಓರಗಿತ್ತಿ ದೇವೀರಮ್ಮನಿಗೂ ಹಿಂದಿನ ಎರಡು ಕೋಣೆ ಇವಳಿಗೂ ಬಂದಿದ್ದವು. ನಡುವೆ ಒಂದು ಬಾಗಿಲು. ಹಿತ್ತಿಲಿನಿಂದಲೂ ಹೊರಗೆ ಹೋಗಬಹುದು, ಆದರೆ ಅಲ್ಲಿ ಕಡಿದಾದ ಹದಿನಾಲ್ಕು ಕಲ್ಲುಮೆಟ್ಟಿಲು. ಹೊಂಬಾಳಮ್ಮನ ಗಂಡ ಮರಿಚನ್ನಯ್ಯನಿಗೆ ಎರಡು ವರ್ಷದ ಹಿಂದೆ ತೆಂಗಿನ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಗಿತ್ತು. ಗಾಲಿ ಕಟ್ಟಿದ ಹಲಗೆಯ ಮೇಲೆ ಕೂತು, ಆ ಬಾಗಿಲು ದಾಟಿ, ಹಜಾರ ದಾಟಿ, ಬೀದಿ ಬದಿಗೆ ಬಂದು ಅವನು ಸ್ಟೌವು, ಬೀಗ, ಕೊಡೆ ರಿಪೇರಿ ಮಾಡುತ್ತಿದ್ದ. ಆ ಬಾಗಿಲಿಗೆ ಗೋಡೆ ಎತ್ತಬೇಕೆಂದು ದೇವೀರಮ್ಮ ಕೇಳಿದ್ದಳು. ಹಜಾರದಲ್ಲಿ ಅವಳು ಹಪ್ಪಳ ಒತ್ತುತ್ತಾಳೆ, ನೆಲಕ್ಕೆ ಹಾಸಿದ ಬಟ್ಟೆಯ ಪಕ್ಕದಲ್ಲೇ ದಿನಕ್ಕೆ ನಾಲ್ಕು ಸಲ ಬೀದಿಯ ಗಾಲಿ ಉರುಳುತ್ತದೆ ಎಂಬುದು ಅವಳ ದೂರು. ಅದೂ ಸುಳ್ಳಲ್ಲ. ಆದರೆ ಗೋಡೆ ಎದ್ದರೆ ಮರಿಚನ್ನಯ್ಯ ಬೀದಿ ಕಾಣುವುದು ಅಲ್ಲಿಗೆ ಮುಗಿಯುತ್ತಿತ್ತು. ನಾನು ಒಪ್ಪಿಕೊಂಡೆ.

ತಕರಾರಿಗೆ ಮೊದಲು ಏಳು ದಿನ ಮಡುವಿಗೆ ರುಚಿ ತೋರಿಸಬಹುದು. ಎಡದ ಬಂಡೆ ನಮ್ಮದು, ಬಲದ ಬಂಡೆ ಅವರದು. ಮೊದಲ ದಿನ ಹೊಂಬಾಳಮ್ಮ ರಾಗಿ ಹಿಟ್ಟು ಬೇಯಿಸಿ, ಬೆಲ್ಲ ಹಾಕಿ, ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ ತಂದಳು. ಬಿಟ್ಟೆವು. ಮೀಸೆಮೀನುಗಳು ಬಂದವು, ಉಂಡೆಯ ಸುತ್ತ ಒಂದು ಸುತ್ತು ಹಾಕಿದವು, ಬೇಸಿಗೆಯ ತಿಳಿನೀರಿನಲ್ಲಿ ಅವುಗಳ ಮೀಸೆ ಉಂಡೆಗೆ ತಗಲಿದ್ದೂ ಕಾಣಿಸಿತು. ಹೊರಟುಹೋದವು. ಎರಡನೆಯ ದಿನ ಹಿಂಗು ಹಾಕಿ ಬೇಯಿಸಿದ ಕಡಲೆ. ಮೂರನೆಯ ದಿನ ಮುಸುಕಿನ ಜೋಳ. ನಾಲ್ಕನೆಯ ದಿನ ಸುಟ್ಟ ಬಾಳೆಹಣ್ಣು, ಅದನ್ನು ಚಿಕ್ಕ ಮೀನುಗಳು ಕಿತ್ತು ತಿಂದವು. ಬಲದ ಬಂಡೆಯಲ್ಲಿ ಮೇಷ್ಟ್ರು ಕಡಲೆಕಾಯಿ ಹಿಂಡಿ, ಬೆಲ್ಲ, ಹುರಿದ ಸೋಂಪು ಹಾಕಿ ನಾದಿದ ಉಂಡೆ ಬಿಡಿಸುತ್ತಿದ್ದರು. ಅಲ್ಲಿ ಮೀನುಗಳು ಉಂಡೆಯನ್ನು ಮೂತಿಯಿಂದ ತಳ್ಳಿ ನೋಡುತ್ತಿದ್ದವು, ಒಂದೆರಡು ಸಲ ಬಾಯಿಗೆ ಹಾಕಿಕೊಂಡು ಉಗುಳಿದವು. ಅಷ್ಟೇ ಸಾಕು. ಎರಡೂ ಕಡೆ ಸಿಹಿಯಿದ್ದರೆ, ಉಗುಳುವ ಮೊದಲು ಒಂದು ಚಣ ಹೆಚ್ಚು ಬಾಯಲ್ಲಿಟ್ಟುಕೊಂಡದ್ದೇ ಗೆಲ್ಲುತ್ತದೆ.

“ಚಿಕ್ಕತಾಯಿ, ನಪಾಸಾದ ಪಾಠ ಇನ್ನೊಂದ್ಸಲ ಓದ್ಕೊಂಡಿದ್ದೀಯ ತಾನೆ?” ಎಂದು ಮೇಷ್ಟ್ರು ಆಚೆ ಬಂಡೆಯಿಂದ ಕೂಗಿದರು. ಪ್ರೀತಿಯಿಂದಲೇ ಕೂಗಿದ್ದು. ನಾನು ತಲೆ ತಗ್ಗಿಸಿ ಓದಿಕೊಂಡಿದ್ದೇನೆ ಎಂದೆ. ನಿಜಕ್ಕೂ ಓದಿಕೊಂಡಿದ್ದೆ.

ಐದನೆಯ ದಿನ ನಾನು ಎರೆ ಬಿಡಲಿಲ್ಲ. ಹೊಂಬಾಳಮ್ಮನನ್ನು ಮನೆಗೆ ಕಳಿಸಿ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬಂಡೆಯ ಮೇಲೆ ಸುಮ್ಮನೆ ಕೂತೆ. ನೀವು ಇಡುವುದನ್ನು ತಿನ್ನದ ಮೀನು ಮತ್ತೇನನ್ನೋ ತಿನ್ನುತ್ತಿರಬೇಕಲ್ಲ, ಇಷ್ಟು ದಪ್ಪಗಿವೆ. ಬಿಸಿಲು ನೆತ್ತಿಗೆ ಬಂದಾಗ ಕಂಡಿತು. ಮಡುವಿನ ಮೇಲಿನ ತುದಿಯಲ್ಲಿ, ನೀರು ಬಂಡೆಗೆ ಬಡಿದು ತಿರುಗುವ ಜಾಗದಲ್ಲಿ ಅವು ತಲೆ ಕೆಳಗೆ ಮಾಡಿ ಬಾಲ ಮೇಲೆತ್ತಿ ಮೂತಿಯಿಂದ ಕಲ್ಲು ಹೊರಳಿಸುತ್ತಿದ್ದವು. ಸೀರೆ ಎತ್ತಿ ಕಟ್ಟಿ ನಾನೇ ಇಳಿದೆ. ಕಲ್ಲಿನ ಸಂದಿಯಲ್ಲಿ ಕೈಯಾಡಿಸಿದರೆ ಏಡಿಯ ಚಿಪ್ಪಿನ ಚೂರು ಸಿಕ್ಕಿತು, ಒರಳಲ್ಲಿ ಹಾಕಿ ಕುಟ್ಟಿದ ಹಾಗೆ ನುರಿದದ್ದು. ಆಗ ಮೂರನೆಯ ವರ್ಷದ ಒಂದು ಪಾಠ ನೆನಪಾಯಿತು. ಮೇಷ್ಟ್ರು ಸತ್ತ ಮೀನೊಂದರ ಕಿವಿರು ಬಿಡಿಸಿ, ಇದಕ್ಕೆ ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ ಎಂದು ತೋರಿಸಿದ್ದರು. ಇದು ಪರೀಕ್ಷೆಗೆ ಬರುವುದಿಲ್ಲ ಎಂದದ್ದರಿಂದ ಉಳಿದವರು ಪೆನ್ನು ಕೆಳಗಿಟ್ಟಿದ್ದರು. ನಾನು ಭಯಕ್ಕೆ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದೆ. ರಾಗಿ ಉಂಡೆ ನುಂಗಲು ಗಂಟಲಲ್ಲಿ ಹಲ್ಲು ಯಾಕೆ ಬೇಕು ಎಂದು ಅವತ್ತು ಕೇಳಬೇಕೆನಿಸಿತ್ತು, ಕೇಳಿರಲಿಲ್ಲ.

ಊರಿನವರೆಲ್ಲ ಅಜ್ಜಂದಿರ ಕಾಲದಿಂದ ಸಿಹಿ ಉಂಡೆಯನ್ನೇ ತರುತ್ತಿದ್ದಾರೆ. ತಟ್ಟೆಯನ್ನು ಊರು ನೋಡುತ್ತದಲ್ಲ. ತುಪ್ಪ ಹೊಳೆಯಬೇಕು, ಏಲಕ್ಕಿ ಘಮ್ಮೆನ್ನಬೇಕು. ನಾವು ಎರೆ ಮಾಡುತ್ತಿದ್ದದ್ದು ಮೆಟ್ಟಿಲ ಮೇಲೆ ಕೂತ ಜನಕ್ಕೆ. ಮೀನುಗಳೋ, ಸಿಹಿ ಸಿಕ್ಕಿದಾಗಲೆಲ್ಲ ತುಟಿ ಹರಿಸಿಕೊಂಡು ಕಲಿತಿದ್ದವು. ಹೀಗೆ ಯೋಚನೆ ಬಂದದ್ದೇ ಹೆದರಿಕೆಯಾಯಿತು. ಹನ್ನೊಂದರಲ್ಲಿ ಏಳು ಸೋತವಳು ಮೇಷ್ಟ್ರ ಮೊದಲನೆಯ ಪಾಠವನ್ನೇ ತಪ್ಪೆನ್ನುವುದು ಯಾವ ಧೈರ್ಯದ ಮೇಲೆ?

ಆದರೂ ಕಾಲು ಹೊಂಬಾಳಮ್ಮನ ಹಿತ್ತಿಲ ಮೆಟ್ಟಿಲು ಹತ್ತಿತು. ಏಡಿಯನ್ನು ಅವಳು ಎಲ್ಲಿಂದ ತರಬೇಕು, ಬೇಯಿಸಲು ಒಪ್ಪುತ್ತಾಳೋ ಇಲ್ಲವೋ ಎಂದುಕೊಂಡು ಹೋದೆ. ನಮ್ಮೂರಲ್ಲಿ ಗದ್ದೆ ಕಾಲುವೆಯ ಏಡಿ ಹಿಡಿದು ತಿನ್ನುವುದೆಂದರೆ ಮನೆಯಲ್ಲಿ ಮತ್ತೇನೂ ಇಲ್ಲವೆಂದು ಸಾರಿದಂತೆ. ಹಿತ್ತಿಲಲ್ಲಿ ಒಲೆಬೂದಿಯ ಗುಂಡಿ ಇತ್ತು. ಬೂದಿಯ ನಡುವೆ ಕೆಂಪಗೆ ಬೆಂದ ಏಡಿಕಾಲುಗಳು. ಒಂದೆರಡಲ್ಲ, ರಾಶಿ.

ನಾನು ನೋಡಿದ್ದನ್ನು ಹೊಂಬಾಳಮ್ಮ ನೋಡಿದಳು. “ಬೆಕ್ಕು ತಂದು ಹಾಕ್ತದೆ. ಹಾಳಾದ್ದು” ಎಂದಳು.

ಒಳಗಿನಿಂದ ಮರಿಚನ್ನಯ್ಯನ ಧ್ವನಿ ಬಂತು. “ಒಳ್ಳೇ ಬೆಕ್ಕು ಕಣಮ್ಮ ಅದು. ಎರಡು ವರ್ಸದಿಂದ ಉಪ್ಪು ಮೆಣಸು ಹಾಕಿ ಬೇಯ್ಸಿ ನಂಗೂ ಬಡಿಸ್ತೈತೆ.”

ಹೊಂಬಾಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿತ್ತಿಲ ಕಲ್ಲಿನ ಮೇಲೆ ಕೂತಳು. ನಾನು ಬಂದ ವಿಷಯ ಹೇಳಿದೆ. ಹೇಳುವಾಗಲೇ ನನ್ನ ಮಾತು ಒರಟಾಯಿತೆಂದು ಅನಿಸಿ ಮಧ್ಯೆ ನಿಲ್ಲಿಸಿದೆ, ಮತ್ತೆ ಶುರುಮಾಡಿದೆ.

“ಆಗಕ್ಕಿಲ್ಲ” ಎಂದಳು ಅವಳು. “ಉಂಡೆಗೆ ಪಕ್ಕದ ಬೀದಿಯಿಂದ ತುಪ್ಪ ಕೇಳಿ ತಂದಿದ್ದೀನಿ. ಸೋತ್ರೂ ಮರ್ಯಾದೆಯಾಗಿ ಸೋಲ್ತೀನಿ. ಊರ ಮುಂದೆ, ಅದ್ರಲ್ಲೂ ಆ ದೇವೀರಿ ಮುಂದೆ, ತಟ್ಟೇಲಿ ಏಡಿ ಇಟ್ಕಂಡು ನಿಲ್ಲಾ?”

“ತುಪ್ಪ ಕೇಳಿ ತಂದದ್ದಾದರೆ ಅದು ನಿಮ್ಮ ಮನೆಯ ಎರೆಯೂ ಅಲ್ಲ” ಎಂದೆ. ಅದು ನಿಯಮ. ಆದರೆ ಆ ಹೊತ್ತಿನಲ್ಲಿ ನಿಯಮ ಹೇಳಬಾರದಿತ್ತೇನೋ. ಅವಳು ನನ್ನನ್ನು ನೋಡಿದ ರೀತಿಗೆ ನಾನು ಎದ್ದು ಹೋಗಲು ಚಪ್ಪಲಿ ಹುಡುಕಿದೆ.

ಹಲಗೆಯ ಗಾಲಿ ಉರುಳಿಸಿಕೊಂಡು ಮರಿಚನ್ನಯ್ಯ ಹೊಸ್ತಿಲವರೆಗೆ ಬಂದ. “ಊರು ನಗೋದು ಒಂದಿನ ಕಣೆ. ಗೋಡೆ ಎದ್ರೆ ನಾನು ದಿನಾ ಅದನ್ನೇ ನೋಡ್ತಾ ಕೂರ್ಬೇಕು. ನಂಗೆ ಬೀದಿ ಬೇಕು. ಕೊಡೆ ತಂದೋರು ಬೈಯೋದು ಕೇಳ್ಬೇಕು ನಂಗೆ” ಎಂದ.

ಹೊಂಬಾಳಮ್ಮ ಎದ್ದು, ನೀರು ತುಂಬಿಟ್ಟ ಮಡಕೆಯ ಬಾಯಿಗೆ ಮುಚ್ಚಿದ್ದ ಬುಟ್ಟಿ ತೆಗೆದಳು. ಒಳಗೆ ಹತ್ತು ಹನ್ನೆರಡು ಏಡಿಗಳು ಒಂದರ ಮೇಲೊಂದು ಹತ್ತುತ್ತಿದ್ದವು. “ಯಾವ ಗಾತ್ರದ್ದು ಬೇಕು, ನೋಡ್ಕೊ” ಎಂದಳು.

ನಾನು ಬೆನ್ನು ಅಂಗೈಗಿಂತ ಚಿಕ್ಕದಾದ, ಚಿಪ್ಪು ಇನ್ನೂ ಗಟ್ಟಿಯಾಗದವನ್ನು ಆರಿಸಿದೆ. ದೊಡ್ಡ ಕೊಂಡಿ ಮುರಿಯಲು ಹೇಳಿದೆ. ಉಪ್ಪುನೀರಿನಲ್ಲಿ ಒಂದೇ ಕುದಿ, ಮೆಣಸು ಬೇಡ. ಹೆಚ್ಚು ಬೆಂದರೆ ನೀರಿನಲ್ಲಿ ಘಮ ಉಳಿಯುವುದಿಲ್ಲ, ಬೇಯದೇ ಇದ್ದರೆ ನಿಯಮಕ್ಕೆ ಬರುವುದಿಲ್ಲ. ಒಂದು ಕುದಿಗೆ ಬೆಂದದ್ದು ಎನ್ನಬಹುದೇ ಎಂದು ಯೋಚಿಸಿ, ಆಮೇಲೆ ಒಂದೂವರೆ ಕುದಿ ಎಂದೆ. ಆರನೆಯ ದಿನವೂ ಏಳನೆಯ ದಿನವೂ ಒಂದೊಂದು ಏಡಿಯನ್ನು ಎಡಬಂಡೆಯ ಪಕ್ಕ ಇಳಿಬಿಟ್ಟೆ. ಎರಡೂ ಸಲ ಮರುಗಳಿಗೆ ಅಲ್ಲಿ ಏನೂ ಇರಲಿಲ್ಲ. ಮೀನು ತಿಂದದ್ದನ್ನು ನಾನು ನೋಡಲಿಲ್ಲ. ಸುಳಿ ಎಳೆದುಕೊಂಡು ಹೋಗಿದ್ದರೂ ಹೋಗಿರಬಹುದು. ಆದರೂ ಎರೆ ಬದಲಿಸುವುದಿಲ್ಲವೆಂದು ನಿರ್ಧಾರ ಮಾಡಿದೆ. ನನ್ನ ಬದುಕಿನಲ್ಲಿ ನಾನು ಬದಲಿಸದೆ ಬಿಟ್ಟ ನಿರ್ಧಾರಗಳು ಕಮ್ಮಿ.

ತಕರಾರಿನ ದಿನ ಮೆಟ್ಟಿಲು ತುಂಬ ಜನ. ಮೇಲಿನ ಮೆಟ್ಟಿಲಲ್ಲಿ ಮರಿಚನ್ನಯ್ಯನ ಹಲಗೆ, ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿತ್ತು. ಮೆಟ್ಟಿಲ ಯಜಮಾನ ರುದ್ರಯ್ಯನವರು ಎಂದಿನಂತೆ ಕಟ್ಟಳೆ ಓದಿದರು: ಗಾಳ ಇಳಿದ ಮೇಲೆ ಮೀನು ಮೆಟ್ಟಿಲಿಗೆ ತಾಗುವವರೆಗೆ ಆ ಮನೆಯವರ ಕೈ ಬಿಟ್ಟು ಬೇರೆಯವರ ಕೈ ಹುರಿಗೆ ತಾಗಕೂಡದು, ತಾಗಿದರೆ ಆ ಕಡೆ ಸೋತಂತೆ. ನಮ್ಮಲ್ಲಿ ಕೋಲಿಲ್ಲ, ಮರದ ತುಂಡಿಗೆ ಸುತ್ತಿದ ದಪ್ಪ ಹುರಿ, ತುದಿಗೆ ಕಲ್ಲು, ಗಾಳ.

ದೇವೀರಮ್ಮ ಹಿತ್ತಾಳೆ ತಟ್ಟೆ ತೋರಿಸಿದಳು. ಉಂಡೆ ತುಪ್ಪದಲ್ಲಿ ಮಿಂದು ಕೂತಿತ್ತು. “ಮೀನ್ಗ್ಯಾಕೆ, ನಂಗೇ ಕೊಡಿ” ಎಂದ ಒಬ್ಬ. ಜನ ನಕ್ಕರು, ಮೆಚ್ಚಿದರು. ಹೊಂಬಾಳಮ್ಮ ತಟ್ಟೆಯ ಮೇಲಿನ ಬಟ್ಟೆ ತೆಗೆದಳು.

ಹಿಂದಿನಿಂದ ಒಬ್ಬಳು, “ಅಯ್ಯೋ, ಕಾಲುವೆ ಏಡಿ ಕಣ್ರೇ” ಎಂದಳು. ಇನ್ನೊಬ್ಬ, “ಮೀನು ಕಚ್ಚೋಕೆ ಮುಂಚೆ ಏಡಿನೇ ಮೀನ್ನ ಕಚ್ತದೆ ಬುಡು” ಎಂದ. ನಗು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿದು ನಮ್ಮ ಹತ್ತಿರ ಬಂತು.

ಸಂಪಂಗಪ್ಪ ಮೇಷ್ಟ್ರು ನಗಲಿಲ್ಲ. “ಯಜಮಾನ್ರೇ, ಎರೆ ಅಡುಗೆ ಆಗಿರಬೇಕು. ಇದು ಯಾರ ಮನೆ ಅಡುಗೆ?” ಎಂದು ಕೇಳಿದರು.

ಉತ್ತರ ಹೇಳಬೇಕಾದವಳು ನಾನು. ಅಷ್ಟರಲ್ಲಿ ಹೊಂಬಾಳಮ್ಮ ತಟ್ಟೆಯನ್ನು ಇನ್ನೂ ಒಂದು ಗೇಣು ಮೇಲೆತ್ತಿ ಹಿಡಿದಳು. “ನಮ್ಮನೇದು. ವಾರದಲ್ಲಿ ಐದು ದಿನ ನಮ್ಮನೆ ಸಾರು ಇದೇ. ಇವತ್ತು ಮೆಣಸು ಹಾಕಿಲ್ಲ, ಅಷ್ಟೇಯ” ಎಂದಳು. ನಗು ನಿಂತಿತು. ಬಲದ ಬಂಡೆಯ ಮೇಲೆ ನಿಂತಿದ್ದ ದೇವೀರಮ್ಮ ತನ್ನ ತಟ್ಟೆ ಬಿಟ್ಟು ಇವಳ ತಟ್ಟೆಯನ್ನೇ ನೋಡುತ್ತಿದ್ದಳು.

ಗಾಳ ಇಳಿದವು. ಏಡಿಯ ಹಿಂಗಾಲಿನ ಬುಡದಲ್ಲಿ ಗಾಳ ತೂರಿಸಿದ್ದೆವು, ಮುಳ್ಳು ಹೊರಗಿರಬೇಕೆಂದು ಮೂರು ಸಲ ಹೇಳಿದ್ದೆ. ಬಿಸಿಲು ಏರಿತು. ಒಂದು ದೊಡ್ಡ ಮೀನು ಬಲಕ್ಕೆ ಹೋಗಿ ಉಂಡೆಗೆ ಮೀಸೆ ತಗಲಿಸಿತು. ಬಾಯಿಗೆ ಹಾಕಿಕೊಂಡಿತು, ಉಗುಳಿತು. ನಿಧಾನಕ್ಕೆ ತಿರುಗಿ ಎಡಕ್ಕೆ ಬಂತು. ಆಮೇಲೆ ನಾನು ನೋಡಿದ್ದು ಮೀನನ್ನಲ್ಲ, ಹೊಂಬಾಳಮ್ಮನ ಕೈಯಲ್ಲಿ ಮರದ ತುಂಡು ಬುಗುರಿಯ ಹಾಗೆ ತಿರುಗಿದ್ದನ್ನು.

ಮೆಟ್ಟಿಲ ಮೇಲೆ ಕೂಗಾಟ. ಹುರಿ ಕೊನೆಯ ಸುತ್ತು ಬಿಚ್ಚಿ ಬಿಗಿಯಾದಾಗ ಹೊಂಬಾಳಮ್ಮ ಎರಡು ಮೆಟ್ಟಿಲು ನೀರಿಗೆ ಇಳಿದುಬಿಟ್ಟಿದ್ದಳು. ಹುರಿಯನ್ನು ಅಂಗೈಗೆ ಸುತ್ತಿಕೊಂಡಿದ್ದಳು, ಸುತ್ತಬೇಡಿ ಎಂದು ಹೇಳಲು ನಾನು ಮರೆತಿದ್ದೆ. ನೀರು ಮಂಡಿಗೆ, ಆಮೇಲೆ ತೊಡೆಗೆ. ಮೇಲಿನಿಂದ ಮರಿಚನ್ನಯ್ಯ ಹಲಗೆಗೆ ಅಂಗೈ ಬಡಿಯುತ್ತಾ, “ಬುಟ್ಬುಡು ಹೊಂಬಾಳೆ, ಬುಟ್ಬುಡು” ಎನ್ನುತ್ತಿದ್ದ. ನನ್ನ ಕೈ ತಾನಾಗಿ ಮುಂದೆ ಹೋಯಿತು. ಎರೆ ಹೇಳುವವರು ಹೊರಗಿನವರು. ನಾನು ಮುಟ್ಟಿದರೆ ಬಾಗಿಲು ಹೋಗುತ್ತದೆ, ಮುಟ್ಟದಿದ್ದರೆ ಅವಳು ಹೋಗುತ್ತಾಳೆ. ಅವಳು ಬಾಗಿಲಿಗಿಂತ ದೊಡ್ಡವಳು ಎಂದು ತೀರ್ಮಾನಿಸಿ ನೀರಿಗೆ ಕಾಲಿಡುವಷ್ಟರಲ್ಲಿ, ಯಾರೋ ನನ್ನನ್ನು ಪಕ್ಕಕ್ಕೆ ತಳ್ಳಿ ದಾಟಿಹೋದರು. ದೇವೀರಮ್ಮ. ಒಂದು ಕೈಯಲ್ಲಿ ಹೊಂಬಾಳಮ್ಮನ ಸೊಂಟ, ಇನ್ನೊಂದು ಕೈಯಲ್ಲಿ ಹುರಿ.

“ಮುಟ್ಟಿದ್ರು” ಎಂದರು ಸಂಪಂಗಪ್ಪ ಮೇಷ್ಟ್ರು. “ಯಜಮಾನ್ರೇ, ಬೇರೆ ಮನೆಯವರ ಕೈ ತಾಗಿತು. ಆ ಕಡೆ ಸೋತಂತೆ, ನಾವು ಗೆದ್ದಂತೆ.”

ರುದ್ರಯ್ಯನವರು ಎದ್ದು ನಿಂತರು. “ದೇವೀರಮ್ಮ, ಹಿಡಿದದ್ದು ತಪ್ಪು ಅಂತಿಲ್ಲ. ಕಟ್ಟಳೆಗೆ ಕೇಳ್ತಿದ್ದೀನಿ. ನೀನು ಆ ಮನೆಯವಳೋ, ಬೇರೆ ಮನೆಯವಳೋ?”

ಮೇಷ್ಟ್ರು ಬಗ್ಗಿ ಅವಳಿಗೆ ಕೇಳುವಂತೆ, “ಬೇರೆ ಅನ್ನಮ್ಮ, ಸಾಕು” ಎಂದರು. ರುದ್ರಯ್ಯನವರು ನನ್ನ ಕಡೆ ತಿರುಗಿದರು. ಒಂದೇ ಮಾಡು, ಒಂದೇ ತೊಲೆ, ಅವರಿಬ್ಬರದೂ ಒಂದೇ ಮನೆ ಎಂದು ನಾನು ವಾದಿಸಬಹುದಿತ್ತು. ಒಳ್ಳೆಯ ವಾದ. ಬಾಯಿಯವರೆಗೆ ಬಂದಿತ್ತು. ಆದರೆ ತೊಡೆಮಟ್ಟ ನೀರಲ್ಲಿ ನಿಂತವಳ ಬದಲು ದಡದಲ್ಲಿ ನಿಂತ ನಾನು ಅದನ್ನು ಹೇಳುವುದು ಸರಿಯೆನಿಸಲಿಲ್ಲ.

“ಅದನ್ನ ಮೇಷ್ಟ್ರು ಹೇಳೋ ಹಾಗಿಲ್ಲ, ನಾನೂ ಹೇಳೋ ಹಾಗಿಲ್ಲ. ಅವರೇ ಹೇಳಲಿ” ಎಂದೆ. ಹೇಳಿದ ಕೂಡಲೇ, ಹನ್ನೆರಡರಲ್ಲಿ ಎಂಟು ಎಂದು ಮನಸ್ಸು ಲೆಕ್ಕ ಹಾಕಿತು.

ದೇವೀರಮ್ಮನ ಹಿಡಿತ ಸಡಿಲಾದದ್ದು ಕಂಡಿತು. ಅವಳು ಮೇಷ್ಟ್ರನ್ನು ನೋಡಿದಳು, ಮೇಲೆ ಹಲಗೆಯ ಮೇಲೆ ಕೂತ ಭಾವನನ್ನು ನೋಡಿದಳು. ಮೀನು ಆಚೆ ದಡದ ಕಡೆಗೆ ಮತ್ತೊಂದು ಸಲ ನುಗ್ಗಿತು. ಹೊಂಬಾಳಮ್ಮ ಮುಗ್ಗರಿಸಿದಳು, ನೀರು ಎದೆಗೆ ಬಂತು. ದೇವೀರಮ್ಮ ಎರಡೂ ಕೈಯಿಂದ ಹುರಿ ಹಿಡಿದು ಹಿಂದಕ್ಕೆ ಒರಗಿದಳು.

“ಎದೆ ಮಟ್ಟ ನೀರಾಗೆ ನಿಲ್ಸಿ ಮನೆ ವಿಚಾರ್ಣೆ ಮಾಡ್ತೀರಲ್ಲ” ಎಂದಳು. “ಅದೇ ಮನೇವ್ಳು. ಬರ್ಕಳಿ. ಅಕ್ಕ, ಜೋರಾಗಿ ಎಳೀಬ್ಯಾಡಿ, ಅದು ಓಡಿದಾಗ ಬುಡಿ, ನಿಂತಾಗ ಎಳೀರಿ.”

ಹಾಗೆಯೇ ಮಾಡಿದರು. ಓಡಿದಾಗ ಬಿಟ್ಟರು, ನಿಂತಾಗ ಎಳೆದರು. ಎಷ್ಟು ಹೊತ್ತಾಯಿತೋ ತಿಳಿಯದು. ಕೊನೆಗೆ ತಾಮ್ರದ ತಗಡಿನಂಥ ಹುರುಪೆಗಳ ಮೀನು ಮಗುಚಿಕೊಂಡು ಬಂದು ಕೆಳಗಿನ ಮೆಟ್ಟಿಲಿಗೆ ಮೈ ತಾಗಿಸಿತು. ಹೊಂಬಾಳಮ್ಮನಿಗಿಂತ ಒಂದು ಮೊಳ ಚಿಕ್ಕದು, ಅಷ್ಟೇ. ರುದ್ರಯ್ಯನವರು ಬಾಗಿಲು ಇದ್ದ ಹಾಗೇ ಇರತಕ್ಕದ್ದು ಎಂದು ಕೂಗಿ ಹೇಳಿದರು. ಸಂಪಂಗಪ್ಪ ಮೇಷ್ಟ್ರು ನನ್ನ ಹತ್ತಿರ ಬಂದು, “ಅದು ಪರೀಕ್ಷೆಗೆ ಬರೋಲ್ಲ ಅಂದಿದ್ದೆ, ಅಲ್ವೇನಮ್ಮ?” ಎಂದು ಕೇಳಿದರು. ನಾನು ಕ್ಷಮಿಸಿ ಎಂದೆ. ಯಾಕೆ ಹಾಗೆಂದೆನೋ.

ಇಬ್ಬರೂ ಸೇರಿ ಮೀನಿನ ತುಟಿಯಿಂದ ಗಾಳ ಬಿಡಿಸಿದರು. ಅದು ಬಾಲದಿಂದ ಒಂದು ಸಲ ನೀರು ಚಿಮ್ಮಿಸಿ ಹೋಯಿತು. ಹೊಂಬಾಳಮ್ಮನ ಅಂಗೈ ಹುರಿ ಕೊರೆದು ರಕ್ತ ಬಂದಿತ್ತು. ದೇವೀರಮ್ಮ ತನ್ನ ಸೆರಗಿನ ತುದಿ ಹಿಂಡಿ ಅದಕ್ಕೆ ಸುತ್ತಿದಳು. ಸುತ್ತುತ್ತಾ, ಮುಖ ನೋಡದೆ ಮಾತಾಡಿದಳು.

“ಎರಡು ವರ್ಸದಿಂದ ಬಾಗ್ಲ ಸಂದೀಲಿ ಮೆಣಸಿನ ಘಮ ಬರೋದು. ಕೋಳಿ ಕುಯ್ಕಂಡು ತಿಂತಾವ್ರೆ, ಒಂದು ಬಟ್ಲು ಈಚೆಗೆ ಕೊಡೋಕೆ ಮನಸಿಲ್ಲ ಅಂದ್ಕಂಡಿದ್ದೆ. ಆ ಘಮಕ್ಕೇ ಗೋಡೆ ಬೇಕು ಅಂದಿದ್ದು ನಾನು, ಗಾಲಿಗಲ್ಲ.”

“ಏಡಿ ಸಾರು ಯಾವ ಮೊಕ ಇಟ್ಕಂಡು ಕಳಿಸ್ಲಿ ಕಣೆ” ಎಂದಳು ಹೊಂಬಾಳಮ್ಮ.

ಮೆಟ್ಟಿಲ ಮೇಲಿನ ಜನ ಇನ್ನೂ ಚದುರಿರಲಿಲ್ಲ. ನನ್ನ ಕೈಯಲ್ಲಿ ಹೊಂಬಾಳಮ್ಮನ ತಟ್ಟೆ ಇತ್ತು. ಗಾಳದಿಂದ ಉದುರಿದರೆ ಇರಲಿ ಎಂದು ಬೇಯಿಸಿ ತಂದಿದ್ದ ಎರಡು ಏಡಿ ಅದರಲ್ಲಿ ಉಳಿದಿದ್ದವು. ದೇವೀರಮ್ಮ ಕೈ ಚಾಚಿದಳು. ಏನು ಬೇಕೆಂದು ನನಗೆ ತಕ್ಷಣ ಹೊಳೆಯಲಿಲ್ಲ. ಅವಳೇ ಒಂದನ್ನು ಎತ್ತಿಕೊಂಡು, ಊರೆಲ್ಲ ನೋಡುತ್ತಿರುವಾಗ ಒದ್ದೆ ಮೆಟ್ಟಿಲ ಮೇಲೆ ಕೂತು, ಕಾಲೊಂದನ್ನು ಮುರಿದು ಹಲ್ಲಿಗೆ ಕೊಟ್ಟು ಕಚ್ಚಿದಳು. ಚಿಪ್ಪು ಒಡೆದ ಸದ್ದು ಮೇಲಿನ ಮೆಟ್ಟಿಲವರೆಗೂ ಕೇಳಿತು.

“ಉಪ್ಪು ಸಾಲ್ದು” ಎಂದಳು.